ಸೇನೆಗೇ ಬಿಲ್ ಕಳಿಸಿದ ಸ್ಕಿನ್ನಿ ಪಪ್ಪಿ

ಮಡಿಕೇರಿ ದಸರಾ ನೋಡಿದವರಿಗೆ ಮಂಟಪದ ಸದ್ದು ಎಂಥದ್ದು ಅಂತ ಹೇಳಬೇಕಾಗಿಲ್ಲ. ವಿಜಯದಶಮಿ ರಾತ್ರಿ ದೇವರು, ರಾಕ್ಷಸರ ಚಲಿಸುವ ಬೊಂಬೆಗಳಿರುವ ಹತ್ತು ಮಂಟಪಗಳು ಟ್ರ್ಯಾಕ್ಟರ್ ಮೇಲೆ ಹೊರಡುತ್ತವೆ, ರಾಕ್ಷಸ ಎದ್ದು ಬಾಯಿ ತೆರೆಯುವ ಹೊತ್ತಿಗೆ ನಿಂತ ನೆಲವೇ ನಡುಗುತ್ತೆ. ಅಲ್ಲಿಗೆ ಸೌಂಡ್ ಟ್ರ್ಯಾಕ್ ಕೂಡಿಸುವ ಗೆಳೆಯನೊಬ್ಬ ಹೋದ ವರ್ಷ ಫೋನಲ್ಲಿ ಒಂದು ತುಣುಕು ಕೇಳಿಸಿದ. "ನೆಟ್ಟಲ್ಲಿ ಸಿಕ್ಕಿತು ಮಾರಾಯ, ಮಹಿಷಾಸುರ ಏಳುವಾಗ ಹಾಕಿದ್ರೆ ಹೇಗೆ?"

ಕೇಳಿದ ಕೂಡಲೇ ಗೊತ್ತಾಯ್ತು. ಸ್ಕಿನ್ನಿ ಪಪ್ಪಿ, ಕೆನಡಾದ ಬ್ಯಾಂಡ್. "ನೋಡಿಕೊಂಡು ಹಾಕು, ಇವರು ಅಮೆರಿಕದ ಸೇನೆಗೇ ಬಿಲ್ ಕಳಿಸಿದವರು" ಅಂದೆ. ಅವನು ನಕ್ಕ. ಆದರೆ ಅದು ತಮಾಷೆ ಅಲ್ಲ.

2014ರ ಸುದ್ದಿ ಅದು. ಕ್ಯೂಬಾದಲ್ಲಿ ಅಮೆರಿಕದ ಸೇನೆ ನಡೆಸುವ ಗ್ವಾಂಟನಾಮೋ ಸೆರೆಮನೆಯಲ್ಲಿ ಕೈದಿಗಳನ್ನು ಹಿಂಸಿಸಲು ತಮ್ಮ ಹಾಡುಗಳನ್ನು ಜೋರಾಗಿ ಹಾಕಿದ್ದಾರೆ ಅಂತ ಬ್ಯಾಂಡಿಗೆ ತಿಳಿಯಿತು. ಹೇಳಿದ್ದು ಅಲ್ಲಿ ಕಾವಲಿಗಿದ್ದ ಒಬ್ಬ ಅಭಿಮಾನಿಯಂತೆ. ಅನುಮತಿ ಕೇಳದೆ ಬಳಸಿದ್ದಕ್ಕೆ 6,66,000 ಡಾಲರ್ ಕೊಡಿ ಅಂತ ಅಮೆರಿಕದ ರಕ್ಷಣಾ ಇಲಾಖೆಗೆ ಬಿಲ್ ಕಳಿಸಿದ್ದೇವೆ ಅಂದರು. 666 ಅಂದರೆ ಬೈಬಲಿನಲ್ಲಿ ಬರುವ ಮೃಗದ ಸಂಖ್ಯೆ, ಕುಚೋದ್ಯ ಅಲ್ಲಿದೆ. ಸುಮ್ನೆ ಹೆಸರು ಮಾಡೋಕೆ ಹೀಗಂದರು ಅನ್ನೋರೂ ಇದ್ದಾರೆ. ನನಗೆ ಹಾಗನಿಸಲ್ಲ. ಯಾಕೆ ಅಂತ ಹೇಳಬೇಕಾದರೆ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಕೆನಡಾದ ವ್ಯಾಂಕೂವರ್, 1982. ಇಮೇಜಸ್ ಇನ್ ವೋಗ್ ಅನ್ನುವ ಪಾಪ್ ಬ್ಯಾಂಡಿನ ಡ್ರಮ್ಮರ್ ಕೆವಿನ್ ಕ್ರಾಂಪ್ಟನ್‌ಗೆ ಆ ನಯವಾದ ಸಂಗೀತ ಸಾಕಾಗಿತ್ತು. ಜೊತೆಗೆ ಸಿಕ್ಕಿದವನು ಕೆವಿನ್ ಓಗಿಲ್ವಿ. ಇಬ್ಬರೂ ಕೆವಿನ್! ನಮ್ಮ ಕಡೆ ಒಂದೇ ಊರಲ್ಲಿ ಮೂವರು ಪೊನ್ನಪ್ಪ ಇದ್ದರೆ ಮನೆ ಹೆಸರು ಹಿಡಿದು ಕರೀತೀವಿ, ಮುಗೀತು. ಇವರು ಹೆಸರನ್ನೇ ಬದಲಾಯಿಸಿಕೊಂಡರು. ಒಬ್ಬ ಕೆವಿನ್ ಕೀ ಆದ, ಇನ್ನೊಬ್ಬ ಕೆವಿನ್ ಅನ್ನುವುದರ ಅಕ್ಷರಗಳನ್ನೇ ತಿರುವಿಹಾಕಿ ನಿವೆಕ್ ಓಗರ್ ಆದ. ಬಡಕಲು ನಾಯಿಮರಿಯ ಹೆಸರನ್ನು ಬ್ಯಾಂಡಿಗೆ ಇಟ್ಟಿದ್ದಕ್ಕೂ ಅರ್ಥ ಇತ್ತು: ಮನುಷ್ಯರ ಲೋಕ ಒಂದು ನಾಯಿಯ ಕಣ್ಣಿಗೆ ಹೇಗೆ ಕಾಣುತ್ತೆ ಅನ್ನುವುದನ್ನು ಹಾಡು ಮಾಡಬೇಕು ಅಂತ.

ಯಂತ್ರದಂಥ ಒರಟು ಸದ್ದಿನಿಂದ ಕಟ್ಟುವ ಇಂಥ ಸಂಗೀತಕ್ಕೆ ಇಂಡಸ್ಟ್ರಿಯಲ್ ಅನ್ನೋ ಹೆಸರು ಇಂಗ್ಲೆಂಡಿನಿಂದ ಬಂದದ್ದು. ಥ್ರಾಬಿಂಗ್ ಗ್ರಿಸಲ್ ತಂಡದವರು 1976ರಲ್ಲಿ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಅಂತ ತಮ್ಮದೇ ಕಂಪನಿ ಮಾಡಿದರು, ಆ ಹೆಸರೇ ಉಳಿಯಿತು. ಅದಕ್ಕೆ ಸಿಂಥಸೈಜರ್ ಮತ್ತು ಡ್ರಮ್ ಮಷೀನಿನ ಕುಣಿಯುವ ತಾಳ ಸೇರಿಸಿದರೆ ಎಲೆಕ್ಟ್ರೋ ಇಂಡಸ್ಟ್ರಿಯಲ್. ನಮ್ಮ ವಾಲಗಕ್ಕೆ ಎಷ್ಟು ಜನ ಬೇಕು, ಲೆಕ್ಕ ಹಾಕಿ. ಇಲ್ಲಿ ಇಬ್ಬರು ಸಾಕು. ಒಬ್ಬ ಯಂತ್ರ ತಿರುಗಿಸುತ್ತಾನೆ, ಇನ್ನೊಬ್ಬ ಕಿರುಚುತ್ತಾನೆ, ಆ ಕಿರುಚಾಟವನ್ನೂ ಯಂತ್ರಕ್ಕೆ ಹಾಕಿ ಹಿಂಡುತ್ತಾರೆ. ನಡುವೆ ಹಳೇ ಭಯಾನಕ ಸಿನಿಮಾಗಳ ಮಾತಿನ ಚೂರುಗಳು. ಅವನ್ನು ಇವರು ಯಾರನ್ನು ಕೇಳಿ ತಂದರು ಅಂತ ನೀವು ಕೇಳಬಹುದು, ಆ ಮಾತಿಗೆ ಆಮೇಲೆ ಬರ್ತೀನಿ.

ಮೊದಲು ಮಾಡಿದ್ದು ಕೆಲವೇ ಪ್ರತಿಗಳ ಒಂದು ಕ್ಯಾಸೆಟ್. ಅದೇ ಊರಲ್ಲಿ ಆಗಷ್ಟೇ ಹುಟ್ಟಿದ್ದ ನೆಟ್‌ವರ್ಕ್ ಅನ್ನುವ ಪುಟ್ಟ ಸ್ವತಂತ್ರ ಕಂಪನಿ 1984ರಲ್ಲಿ ಅವರ 'ರಿಮಿಷನ್' ಅನ್ನುವ ರೆಕಾರ್ಡ್ ತಂದಿತು. 1986ರಲ್ಲಿ ಡ್ವೇನ್ ಗೋಟೆಲ್ ಸೇರಿದ. ಕೀಬೋರ್ಡಿನಲ್ಲಿ ಪಳಗಿದ ಕೈ. ಬ್ಯಾಂಡಿನ ಮುಖ್ಯ ಮೂವರು ಒಟ್ಟಾದರು, ಅವರ ಅತ್ಯುತ್ತಮ ಕೆಲಸವೆಲ್ಲ ಆ ಕಾಲದ್ದೇ ಅಂತ ನನ್ನ ಲೆಕ್ಕ.

1988ರ ಆಲ್ಬಮ್ ಪ್ರಯೋಗಾಲಯಗಳಲ್ಲಿ ಪ್ರಾಣಿಗಳನ್ನು ಜೀವಂತ ಕೊಯ್ಯುವುದರ ವಿರುದ್ಧ ಇತ್ತು. ವೇದಿಕೆ ಮೇಲೆ ಓಗರ್ ಒಂದು ಗೊಂಬೆ ನಾಯಿಯನ್ನು ಮೇಜಿಗೆ ಕಟ್ಟಿ ಕೊಯ್ಯುವ ಹಾಗೆ ನಟಿಸುತ್ತಿದ್ದ. ಅಮೆರಿಕದ ಸಿನ್ಸಿನಾಟಿಯಲ್ಲಿ ನೋಡಲು ಬಂದವರೊಬ್ಬರು ಅದು ನಿಜವಾದ ನಾಯಿ ಅಂದುಕೊಂಡು ಪೊಲೀಸರಿಗೆ ತಿಳಿಸಿದರು. ಬಂಧನವೂ ಆಯಿತು. ಪ್ರಾಣಿಹಿಂಸೆ ಬೇಡ ಅಂತ ಕೂಗಿದವರ ಮೇಲೇ ಪ್ರಾಣಿಹಿಂಸೆಯ ದೂರು. ಈಗ ಆ ಮೇಜಿನ ಮೇಲೆ, ನಾಯಿಯ ಜಾಗದಲ್ಲಿ, ಗ್ವಾಂಟನಾಮೋದ ಕೈದಿಯನ್ನು ಇಟ್ಟು ನೋಡಿ. ಕಟ್ಟಿಹಾಕಿದ ಜೀವದ ನೋವು ಕೇಳಿಸಲೆಂದು ಕಟ್ಟಿದ ಸದ್ದನ್ನೇ ಕಟ್ಟಿಹಾಕಿದವರ ಕಿವಿಗೆ ಹೊಡೆದರು. ಸಿನಿಮಾದಿಂದ ಚೂರು ಎತ್ತಿದ್ದು ತಪ್ಪೋ ಸರಿಯೋ, ವಾದ ಮಾಡಬಹುದು. ಇದು ಮಾತ್ರ ಬೇರೆ. ಆ ಬಿಲ್ ದುಡ್ಡಿನ ಆಸೆಗೆ ಬರೆದದ್ದಲ್ಲ ಅಂತ ನಾನು ಹೇಳೋದು ಇದಕ್ಕೇ.

ಬ್ಯಾಂಡ್ ಮುರಿದದ್ದು ಬೇರೆ ಕಾರಣಕ್ಕೆ. 1993ರಲ್ಲಿ ಸಂಗೀತ ನಿರ್ಮಾಪಕ ರಿಕ್ ರೂಬಿನ್‌ನ ಅಮೆರಿಕನ್ ರೆಕಾರ್ಡಿಂಗ್ಸ್ ಕಂಪನಿ ಜೊತೆ ಒಪ್ಪಂದ ಆಯಿತು, ಕೈಗೆ ಜಾಸ್ತಿ ದುಡ್ಡು ಬಂತು. ಕ್ಯಾಲಿಫೋರ್ನಿಯಾದ ಮಾಲಿಬುವಿಗೆ ಹೋಗಿ ಕೂತರು. ಕಾಡ್ಗಿಚ್ಚು, ಭೂಕಂಪ, ಬದಲಾಗುತ್ತಲೇ ಇದ್ದ ನಿರ್ಮಾಪಕರು, ಡ್ರಗ್ಸ್, ಜಗಳ. 1995ರ ಜೂನಿನಲ್ಲಿ ಓಗರ್ ಬಿಟ್ಟು ಹೋದ. ಆಗಸ್ಟಿನಲ್ಲಿ ಗೋಟೆಲ್ ಹೆರಾಯಿನ್ ಹೆಚ್ಚಾಗಿ ತೀರಿಕೊಂಡ, ಎಡ್ಮಂಟನ್‌ನ ತಂದೆತಾಯಿಯ ಮನೆಯಲ್ಲಿ. ಅರ್ಧಕ್ಕೆ ನಿಂತಿದ್ದ ಆಲ್ಬಮ್ 'ದಿ ಪ್ರೋಸೆಸ್' 1996ರಲ್ಲಿ ಹೊರಬಂತು. ಅದನ್ನು ಕೇಳುವಾಗ ಈಗಲೂ ನನಗೆ ಸಂಕಟ ಆಗುತ್ತೆ, ಮೂವರಲ್ಲಿ ಯಾರೂ ಒಂದೇ ಕೋಣೆಯಲ್ಲಿಲ್ಲ ಅನಿಸುತ್ತೆ.

2000ದಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ಉತ್ಸವವೊಂದಕ್ಕೆ ಇಬ್ಬರು ಕೆವಿನ್‌ಗಳು ಮತ್ತೆ ಒಟ್ಟಿಗೆ ವೇದಿಕೆ ಹತ್ತಿದರು. 2004ರಿಂದ ಹೊಸ ಆಲ್ಬಮ್‌ಗಳೂ ಬಂದವು. ಎಲ್ಲವೂ ಒಂದೇ ತೂಕದವಲ್ಲ, ನಿಜ ಹೇಳಬೇಕಲ್ವಾ. 2013ರ 'ವೆಪನ್' ಬಂದ ಮರುವರ್ಷ ಆ ಬಿಲ್ಲಿನ ಸುದ್ದಿ. 2023ರಲ್ಲಿ ಇದೇ ಕೊನೆಯದು ಅಂತ ಹೇಳಿ ಪ್ರವಾಸ ಮಾಡಿದರು.

ಇಷ್ಟನ್ನೂ ಗೆಳೆಯನಿಗೆ ಹೇಳಿದೆ, ಅರ್ಧ ಕೇಳಿದ, ಅರ್ಧ ಬಿಟ್ಟ. ದಸರಾಕ್ಕೆ ಹದಿನೈದು ದಿನ ಇರುವಾಗ ಮತ್ತೆ ಫೋನ್ ಮಾಡಿ ಹೊಸ ಟ್ರ್ಯಾಕ್ ಕೇಳಿಸಿದ. ಗರಗರ, ಕಟಕಟ, ನಡುವೆ ಏನೋ ನರಳಿದ ಹಾಗೆ. ಚೆನ್ನಾಗಿತ್ತು. ಯಾವ ಬ್ಯಾಂಡ್ ಅಂತ ಕೇಳಿದೆ.

"ನಮ್ಮನೆ ಕಾಫಿ ಪಲ್ಪರ್ ಮಾರಾಯ. ಬೇರಿಂಗ್ ಹೋಗಿದೆ, ಅದಕ್ಕೇ ಹಾಗೆ ಕೂಗುತ್ತೆ. ಸ್ವಲ್ಪ ನಿಧಾನ ಮಾಡಿ ಹಾಕಿದ್ದೇನೆ."