ಹಾಲು ಏರಿತು, ಫ್ಯಾಟು ಇಳಿಯಿತು

"ಫೀಡು ಜಾಸ್ತಿ ಹಾಕ್ದೆ ಡಾಕ್ಟ್ರೇ, ಫ್ಯಾಟು ಬಿದ್ದೋಯ್ತು. ಡೇರಿ ಮಿಷನ್ನೇ ಸರಿಯಿಲ್ವೇನೋ."

ಕೋಲಾರದ ಕಡೆ ಒಂದು ಹಳ್ಳಿಯಲ್ಲಿ ಅಮ್ಮ ಒಬ್ಬರು ಹೀಗೆ ಹೇಳಿದರು. ಅವರ ಸೀಮೆಹಸು ಈದು ಮೂರು ತಿಂಗಳಾಗಿತ್ತು. ದಿನಕ್ಕೆ 12 ಲೀಟರ್ ಹಾಲು. ಡೇರಿಯಲ್ಲಿ ಅಳೆದಾಗ ನೂರಕ್ಕೆ 3.8 ಬರುತ್ತಿದ್ದ ಫ್ಯಾಟು, ಅಂದರೆ ಹಾಲಿನ ಕೊಬ್ಬು, 2.9ಕ್ಕೆ ಇಳಿದಿತ್ತು.

ನಾನು ಗೋದಲಿ ನೋಡಿದೆ. ಹುಲ್ಲಿನ ಬೆಲೆ ಏರಿದ್ದಕ್ಕೆ ರಾಗಿ ಹುಲ್ಲನ್ನು ಅರ್ಧ ಮಾಡಿದ್ದರು. ಬದಲಿಗೆ ಎಳೆ ನೇಪಿಯರ್ ಹಸಿಹುಲ್ಲು, ಅದೂ ಮೇವು ಕತ್ತರಿಸುವ ಮಿಷನ್ನಿಗೆ ಕೊಟ್ಟು ಪುಡಿ ಪುಡಿ ಮಾಡಿದ್ದು. ಫೀಡು ಮಾತ್ರ ಒಂದೇ ವಾರದಲ್ಲಿ 5 ಕೆಜಿಯಿಂದ 9 ಕೆಜಿಗೆ ಹೋಗಿತ್ತು, ಎರಡೇ ಹೊತ್ತಿಗೆ. ಸಗಣಿ ತೆಳ್ಳಗೆ, ಅದರಲ್ಲಿ ಜೋಳದ ನುಚ್ಚು ಹಾಗೇ ಕಾಣುತ್ತಿತ್ತು. ನಾನಿದ್ದ ಅಷ್ಟು ಹೊತ್ತೂ ಹಸು ಮೆಲುಕು ಹಾಕಲಿಲ್ಲ.

ಹಸುವಿನ ಎಡಗಡೆ ತುಂಬಿಕೊಂಡಿರುವ ಮೊದಲ ಹೊಟ್ಟೆಗೆ ನಾವು ರೂಮೆನ್ ಅನ್ನುತ್ತೇವೆ. ದೊಡ್ಡ ಹಸುವಿನಲ್ಲಿ ಅದು 100 ಲೀಟರಿಗೂ ಜಾಸ್ತಿ ಹಿಡಿಯುತ್ತದೆ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗ್ಗೆ ಉಬ್ಬಿ ಹುಳಿ ಬರುತ್ತದಲ್ವಾ, ಅಂಥ ಕೆಲಸ ಅಲ್ಲಿ ಹಗಲೂ ರಾತ್ರಿ ನಡೆಯುತ್ತದೆ. ಮಾಡುವುದು ಕೋಟ್ಯಂತರ ಸೂಕ್ಷ್ಮಜೀವಿಗಳು. ಹುಲ್ಲಿನ ನಾರನ್ನು ಒಡೆಯುವ ಶಕ್ತಿ ಹಸುವಿಗೆ ಸ್ವಂತವಾಗಿ ಇಲ್ಲ, ಅದು ಈ ಜೀವಿಗಳದ್ದು. ನಾರು ತಿನ್ನುವ ಗುಂಪು ಬೇರೆ, ಫೀಡಿನ ಕಾಳಿನಲ್ಲಿರುವ ಪಿಷ್ಟ ತಿನ್ನುವ ಗುಂಪು ಬೇರೆ.

ನಾರು ಹುದುಗಿದಾಗ ಮುಖ್ಯವಾಗಿ ಅಸೆಟಿಕ್ ಆಮ್ಲ ಬರುತ್ತದೆ. ಕೆಚ್ಚಲು ಹಾಲಿನ ಕೊಬ್ಬು ಕಟ್ಟುವುದಕ್ಕೆ ಅದು ಬೇಕು. ಪಿಷ್ಟ ಹುದುಗಿದಾಗ ಪ್ರೊಪಿಯಾನಿಕ್ ಆಮ್ಲ ಜಾಸ್ತಿ. ಯಕೃತ್ತು ಅದರಿಂದ ಸಕ್ಕರೆ ಮಾಡುತ್ತದೆ, ಹಾಲಿನ ಪ್ರಮಾಣ ಏರುತ್ತದೆ. ಎರಡೂ ಬೇಕು. ಆದರೆ ಪಿಷ್ಟ ಬೇಗ ಹುದುಗುತ್ತದೆ, ಹುಳಿ ಬೇಗ ಏರುತ್ತದೆ. ಹುಳಿಯನ್ನು ಅಳೆಯುವುದು ಪಿಎಚ್ ಲೆಕ್ಕದಲ್ಲಿ, ಅದು ಇಳಿದಷ್ಟೂ ಹುಳಿ ಜಾಸ್ತಿ. ರೂಮೆನ್ನಿನ ಪಿಎಚ್ 6ಕ್ಕಿಂತ ಕೆಳಗೆ ಬಹಳ ಹೊತ್ತು ನಿಂತರೆ ನಾರು ತಿನ್ನುವ ಜೀವಿಗಳು ಸೊರಗುತ್ತವೆ. ಇಷ್ಟೇ ಅಲ್ಲ. ಇಂಥ ಹುಳಿ ಹೊಟ್ಟೆಯಲ್ಲಿ ಮೇವಿನ ಎಣ್ಣೆಯಂಶ ಬೇರೆ ದಾರಿ ಹಿಡಿದು ಒಂದು ಜಾತಿಯ ಕೊಬ್ಬಾಗುತ್ತದೆ. ಅದು ಕೆಚ್ಚಲಿಗೆ ಹೋಗಿ, ಅಲ್ಲಿ ಕೊಬ್ಬು ತಯಾರಾಗುವುದನ್ನೇ ತಗ್ಗಿಸುತ್ತದೆ. ಆ ಅಮ್ಮನ ಹಸುವಿಗೆ ಆದದ್ದು ಇದೇ. ಡೇರಿ ಮಿಷನ್ ಸರಿಯಾಗೇ ಇತ್ತು.

ಹುಳಿಗೆ ಹಸುವಿನ ಹತ್ತಿರವೇ ಮದ್ದಿದೆ, ಜೊಲ್ಲು. ಚೆನ್ನಾಗಿ ಮೇವು ತಿಂದು ಮೆಲುಕು ಹಾಕುವ ದೊಡ್ಡ ಹಸು ದಿನಕ್ಕೆ 100 ಲೀಟರಿಗೂ ಮೇಲೆ ಜೊಲ್ಲು ನುಂಗುತ್ತದೆ. ನಮ್ಮ ಅಡುಗೆ ಸೋಡಾದಲ್ಲಿರುವ ವಸ್ತುವೇ ಅದರಲ್ಲೂ ಇದೆ. ಆದರೆ ಜೊಲ್ಲು ಬರಬೇಕಾದರೆ ಅಗಿಯಬೇಕು, ಅಗಿಯಬೇಕಾದರೆ ಉದ್ದ ಹುಲ್ಲು ಬೇಕು. ಪುಡಿ ಮಾಡಿದ ಎಳೆ ಮೇವನ್ನು ಹಸು ಸುಮ್ನೆ ನುಂಗಿಬಿಡುತ್ತದೆ. ಒಂದು ಉಂಡೆ ಮೆಲುಕನ್ನು ಎಷ್ಟು ಸಲ ಅಗಿಯುತ್ತದೆ ಎಂದು ಎಣಿಸಿ ನೋಡಿ. 50, 60 ಸಲ ಆದರೆ ಚೆನ್ನ. 40 ದಾಟದಿದ್ದರೆ ನಾರು ಸಾಲುತ್ತಿಲ್ಲ.

ಅವರಿಗೆ ಲೆಕ್ಕ ಹೇಳಿಕೊಟ್ಟೆ. ಹಸುವಿನ ಮೈ ನಡೆಸೋದಕ್ಕೆ ದಿನಕ್ಕೆ ಒಂದೂವರೆ ಕೆಜಿ ಫೀಡು, ಪ್ರತಿ ಲೀಟರ್ ಹಾಲಿಗೆ 400 ಗ್ರಾಂ. ಅಂದರೆ 12 ಲೀಟರಿಗೆ ಹೆಚ್ಚುಕಮ್ಮಿ ಆರೂವರೆ ಕೆಜಿ. ಅದನ್ನು ಮೂರು ಹೊತ್ತಿಗೆ ಹಂಚಿ, ಮೊದಲು ರಾಗಿ ಹುಲ್ಲು, ಆಮೇಲೆ ಫೀಡು. ಮುಂದೆ ಏನು ಬದಲಿಸಿದರೂ ಎರಡು ವಾರ ತೆಗೆದುಕೊಳ್ಳಿ ಎಂದೆ. ಹೊಸ ಮೇವಿಗೆ ತಕ್ಕ ಜೀವಿಗಳು ಬೆಳೆಯಲು ಅಷ್ಟು ದಿನ ಬೇಕೇ ಬೇಕು. ಮೂರು ವಾರದ ಮೇಲೆ ಫ್ಯಾಟು 3.6 ಬಂತು.

ಆ ಹಸು ಉಳಿಯಿತು. ಮದುವೆ ಮನೆಯ ಪಕ್ಕದ ಇನ್ನೊಂದು ಹಸುವನ್ನು ನನ್ನಿಂದ ಉಳಿಸಲಾಗಲಿಲ್ಲ. ದಂಡವಾಗಬಾರದೆಂದು ರಾತ್ರಿ ಎರಡು ಬಕೆಟ್ ಅನ್ನ ಹಾಕಿದ್ದರು. ಬೆಂದ ಪಿಷ್ಟ ಇನ್ನೂ ಬೇಗ ಹುದುಗುತ್ತದೆ. ಅಷ್ಟು ಅನ್ನ ಒಮ್ಮೆಲೇ ಬಿದ್ದಾಗ ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡು ಪಿಎಚ್ 5ರ ಕೆಳಗೆ ಇಳಿಯುತ್ತದೆ. ಮೈಯ ನೀರೆಲ್ಲ ಹೊಟ್ಟೆಗೆ ಎಳೆದುಕೊಳ್ಳುತ್ತದೆ. ಬೆಳಗ್ಗೆ ನಾನು ಹೋದಾಗ ಕಣ್ಣು ಗುಳಿಬಿದ್ದಿತ್ತು, ಹೊಟ್ಟೆ ಒತ್ತಿದರೆ ಕುಲುಕುಲು ನೀರಿನ ಸದ್ದು, ಸಗಣಿ ನೀರಾಗಿ ಹುಳಿ ವಾಸನೆ. ಡ್ರಿಪ್ ಹಾಕಿದೆ, ಸೋಡಾ ಕೊಟ್ಟೆ. ಮರುದಿನ ಸತ್ತಿತು. ರಾತ್ರಿಯೇ ಫೋನ್ ಬಂದಿದ್ದರೆ ಹೊಟ್ಟೆ ತೆರೆದು ಅನ್ನ ತೆಗೆಯಬಹುದಿತ್ತು ಎಂದು ಇವತ್ತಿಗೂ ಅನಿಸುತ್ತದೆ.

ಹಸು ಅನ್ನವನ್ನೋ ಹಿಟ್ಟನ್ನೋ ಜಾಸ್ತಿ ತಿಂದಿದ್ದು ಗೊತ್ತಾದರೆ, ಹೊಟ್ಟೆ ಉಬ್ಬುವವರೆಗೆ ಕಾಯಬೇಡಿ. ಮಿಕ್ಕಿದ್ದನ್ನು ಎತ್ತಿಬಿಡಿ, ಒಣಹುಲ್ಲು ಮಾತ್ರ ಮುಂದಿಡಿ, ಆಗಲೇ ಡಾಕ್ಟರಿಗೆ ಫೋನ್ ಮಾಡಿ. ಎಷ್ಟು ತಿಂದಿತು, ಎಷ್ಟು ಹೊತ್ತಾಯಿತು, ಈ ಎರಡನ್ನು ಮೊದಲು ಹೇಳಿ.