ಒಂದು ಕೋಣೆ, ಐದು ತರಗತಿ

ಸಣ್ಣ ಹಳ್ಳಿ ಶಾಲೆಗಳ ಮಾತು ಬಂದರೆ ಚರ್ಚೆ ಕಟ್ಟಡ, ಶೌಚಾಲಯ, ಕಂಪ್ಯೂಟರ್ ಕಡೆಗೇ ಹೋಗುತ್ತದೆ. ಅವೆಲ್ಲ ಬೇಕೇ ಬೇಕು. ಆದರೆ ಇಂಥ ಶಾಲೆಗಳ ಶಿಕ್ಷಕರಿಗೆ ತರಬೇತಿ ಕೊಡುವ ನನ್ನನ್ನು ಜಾಸ್ತಿ ಕಾಡುವುದು ವೇಳಾಪಟ್ಟಿ.

ಲೆಕ್ಕ ಹಾಕಿ ನೋಡಿ. ಪೀರಿಯಡ್ 40 ನಿಮಿಷ. ಒಬ್ಬರೇ ಶಿಕ್ಷಕರು, ಎದುರಿಗೆ ಒಂದರಿಂದ ಐದನೇ ತರಗತಿವರೆಗಿನ ಮಕ್ಕಳು. ಒಂದೊಂದು ತರಗತಿಗೆ ಸಿಗುವುದು 8 ನಿಮಿಷ. ಉಳಿದ 32 ನಿಮಿಷ ಸುಮ್ನೆ ಬೋರ್ಡ್ ನೋಡಿ ಬರೆಯುವುದೇ ಕೆಲಸ. ಶಿಕ್ಷಕರನ್ನು ದೂರಿ ಏನು ಬಂತು? ತರಗತಿಗೊಬ್ಬ ಶಿಕ್ಷಕರಿದ್ದಾರೆ ಅಂದುಕೊಂಡು ಮಾಡಿದ ಪಠ್ಯಪುಸ್ತಕವನ್ನೇ ಅವರ ಕೈಗೂ ಕೊಟ್ಟಿದ್ದೇವೆ.

ನಾನು ಮೊದಲು ಹೇಳುವುದು, ಮಕ್ಕಳನ್ನು ತರಗತಿ ನೋಡಿ ಕೂರಿಸಬೇಡಿ, ಕಲಿಕೆಯ ಮಟ್ಟ ನೋಡಿ ಕೂರಿಸಿ ಅಂತ. ಐದನೇ ತರಗತಿಯ ಮಗುವಿಗೆ 52ರಲ್ಲಿ 27 ಕಳೆಯಲು ಹೇಳಿ. ಉತ್ತರ 35 ಅಂತ ಬರೆದರೆ, 2ರಲ್ಲಿ 7 ಹೋಗುವುದಿಲ್ಲವೆಂದು 7ರಲ್ಲೇ 2 ಕಳೆದುಬಿಟ್ಟಿದೆ ಅಂತ ಅರ್ಥ. ಹತ್ತರ ಕಟ್ಟು ಬಿಚ್ಚಬಹುದು ಅನ್ನುವುದೇ ಅದಕ್ಕಿನ್ನೂ ಹೊಳೆದಿಲ್ಲ. ಅಂಥ ಮಗುವಿಗೆ ಇವತ್ತು ಭಿನ್ನರಾಶಿ ಹೇಳಿದರೆ ತಲೆಗೆ ಹೋಗೋದಿಲ್ಲ, ಅಲ್ವಾ? ಮೂರನೇ ತರಗತಿಯವರ ಜೊತೆ ಕೂರಿಸಿ, ಕಡ್ಡಿ ಕೊಡಿ. ಹತ್ತರ ಐದು ಕಟ್ಟು, ಎರಡು ಬಿಡಿ. ಒಂದು ಕಟ್ಟು ಬಿಚ್ಚಲಿ. ಈಗ ಬಿಡಿ ಕಡ್ಡಿ 12. ಅದರಲ್ಲಿ 7 ತೆಗೆದರೆ 5. ಉಳಿದ ನಾಲ್ಕು ಕಟ್ಟಿನಲ್ಲಿ ಎರಡು ತೆಗೆದರೆ ಎರಡು. 25 ಕಣ್ಣೆದುರೇ ಇರುತ್ತದೆ. ಅದೇ ಹೊತ್ತಿಗೆ ಒಂದನೇ ತರಗತಿಯ ಪುಟಾಣಿಗಳು ಹತ್ತತ್ತು ಕಡ್ಡಿ ಎಣಿಸಿ ಕಟ್ಟು ಕಟ್ಟುತ್ತಿರಲಿ. ಕಳೆಯುವುದು ಚೆನ್ನಾಗಿ ಬರುವವರು ತಾವೇ ಲೆಕ್ಕ ಹೆಣೆದು ಪಕ್ಕದವರಿಗೆ ಕೊಡಲಿ. ಐದು ಗುಂಪು ಮೂರಕ್ಕೆ ಇಳಿಯಿತು, ಸಾಮಾನು ಒಂದೇ.

ಇದು ಆಗದ ಮಾತೇನಲ್ಲ. ಕೊಲಂಬಿಯಾದ ಹಳ್ಳಿ ಶಾಲೆಗಳಲ್ಲಿ 1970ರ ದಶಕದಲ್ಲೇ 'ಎಸ್ಕ್ವೆಲಾ ನ್ವೇವಾ' (ಹೊಸ ಶಾಲೆ) ಅನ್ನುವ ಕಲಿಕಾ ಪದ್ಧತಿ ಶುರುವಾಯಿತು. ಅಲ್ಲಿ ಮಕ್ಕಳು ಮಾರ್ಗದರ್ಶಿ ಪುಸ್ತಕ ಹಿಡಿದು ತಮ್ಮ ವೇಗದಲ್ಲೇ ಸಾಗುತ್ತಾರೆ. ಬಿತ್ತನೆ, ಕೊಯ್ಲಿನ ಹೊತ್ತಿಗೆ ಶಾಲೆ ತಪ್ಪಿಸಿದ ಮಗು ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಪದ್ಧತಿಯ ಚಟುವಟಿಕೆ ಕಾರ್ಡು, ಕಲಿಯುವ ಹಂತಗಳನ್ನು ಮೆಟ್ಟಿಲಿನಂತೆ ತೋರಿಸುವ ಕಲಿಕಾ ಏಣಿಗಳ ಹಿಂದಿನ ಯೋಚನೆಯೂ ಇದೇ.

ಹಾಗಂತ ಕಾರ್ಡ್ ಪೆಟ್ಟಿಗೆ ಕಳಿಸಿ ಕೈ ತೊಳೆದುಕೊಳ್ಳುವಂತಿಲ್ಲ. ಗುಂಪು ಯಾವಾಗ ಬದಲಿಸಬೇಕು, ಹಿಂದೆ ಬಿದ್ದ ಮಗುವಿಗೆ ಏನು ಮಾಡಬೇಕು ಅನ್ನುವುದನ್ನು ಶಿಕ್ಷಕರು ಯಾರನ್ನಾದರೂ ಕೇಳಬೇಕಲ್ಲ. ಸಣ್ಣ ಶಾಲೆಯಲ್ಲಿ ಕೇಳಲು ಪಕ್ಕದ ಕೋಣೆಯಲ್ಲಿ ಯಾರೂ ಇರುವುದಿಲ್ಲ. ವರ್ಗಾವಣೆ ಕೇಳುವವರ ಮನಸ್ಸಿನಲ್ಲಿ ಊರು ದೂರ ಅನ್ನುವುದರ ಜೊತೆಗೆ ಈ ಒಂಟಿತನವೂ ಇರುತ್ತದೆ. ಶಾಲೆಗಳನ್ನು ಒಟ್ಟುಗೂಡಿಸಿದರೆ ಶಿಕ್ಷಕರು ಜಾಸ್ತಿ ಸಿಗುತ್ತಾರೆ, ನಿಜ. ಆದರೆ ದಿನಾ ಬಸ್ಸಿಲ್ಲದ ದಾರಿಯಲ್ಲಿ ಆರು ವರ್ಷದ ಮಗುವನ್ನು ಯಾರು ಕಳಿಸುತ್ತಾರೆ?

ಮಕ್ಕಳ ಬದಲು ಶಿಕ್ಷಕರು ಓಡಾಡಲಿ. ಅಕ್ಕಪಕ್ಕದ ನಾಲ್ಕೈದು ಶಾಲೆಯವರು ತಿಂಗಳಿಗೊಮ್ಮೆ ಸೇರಲಿ. ಬರುವಾಗ ತಮ್ಮ ಮಕ್ಕಳ ನೋಟ್‌ಬುಕ್ ತರಲಿ, ತಪ್ಪು ಲೆಕ್ಕಗಳನ್ನು ಒಟ್ಟಿಗೆ ಕೂತು ನೋಡಲಿ. ಸುತ್ತೋಲೆ ಓದುವ ಸಭೆಯನ್ನು ಬೇರೆ ದಿನ ಇಟ್ಟುಕೊಳ್ಳಿ.