ಜೀಪಿನಿಂದ ಇಳಿಯದೆ ಗೌಜಲಕ್ಕಿ ಹೊಡೆದರೆ ತಪ್ಪೇನು?

ಪ್ರಶ್ನೆ: ನಮ್ಮದು ಬಯಲುಸೀಮೆಯ ಊರು. ಅಪ್ಪನ ಕಾಲದ ತೋಟೆ ಕೋವಿ ಇದೆ, ಲೈಸೆನ್ಸ್ ಚಾಲ್ತಿಯಲ್ಲಿದೆ. ಸಂಜೆ ಜೀಪಿನಲ್ಲಿ ಹೊಲಕ್ಕೆ ಹೋಗುವಾಗ ದಾರಿಯ ಮೇಲೇ ಗೌಜಲಕ್ಕಿ, ಬುರ್ಲಿ ಸಿಗುತ್ತವೆ. ನಾವು ಕಾಡಿಗೆ ಹೋಗುವವರಲ್ಲ, ಹೊಲವೂ ನಮ್ಮದೇ. ಜೀಪಿನಲ್ಲಿ ಕೂತೇ ಒಂದೆರಡು ಹೊಡೆದುಕೊಂಡರೆ ಕಾನೂನಿನ ತೊಂದರೆ ಇದೆಯೇ?

ಇದೆ. ಜೀಪಿನಿಂದ ಇಳಿದು ಹೊಡೆದರೂ ಇದೆ.

ಈ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಬಹಳ ಜನ ಕೇಳುತ್ತಾರೆ. ಎಲ್ಲರೂ ಮುಂದಿಡುವುದು ಎರಡೇ ಸಮಜಾಯಿಷಿ: ಕೋವಿಗೆ ಲೈಸೆನ್ಸ್ ಇದೆ, ಹೊಲ ನಮ್ಮದು. ಲೈಸೆನ್ಸ್ ಸಿಗುವುದು ಆಯುಧ ಕಾಯ್ದೆಯ ಅಡಿಯಲ್ಲಿ. ಕೋವಿ ಇಟ್ಟುಕೊಳ್ಳಲು ಅದು ಅನುಮತಿಯೇ ಹೊರತು ಬೇಟೆಗಲ್ಲ. ಕೊಡಗಿನಲ್ಲಿ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸೇ ಬೇಡ ಎಂಬ ವಿನಾಯಿತಿ ಇದೆ, ಅದನ್ನು 2029ರವರೆಗೆ ವಿಸ್ತರಿಸಲಾಗಿದೆ. ಅವರಿಗೂ ಅದು ಕೋವಿಗೆ ಸಿಕ್ಕ ವಿನಾಯಿತಿ, ಬೇಟೆಗಲ್ಲ. ಇನ್ನು ಹೊಲ. ಪಹಣಿಯಲ್ಲಿ ನಿಮ್ಮ ಹೆಸರಿದ್ದರೆ ಮಣ್ಣು ನಿಮ್ಮದು, ಅದರ ಮೇಲೆ ಓಡಾಡುವ ಗೌಜಲಕ್ಕಿ ನಿಮ್ಮದಾಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮು ಕಾಡು, ಹೊಲ, ಗೋಮಾಳ ಎಂದು ಭೇದ ಮಾಡುವುದಿಲ್ಲ. ಅನುಸೂಚಿಯಲ್ಲಿ, ಅಂದರೆ ಕಾಯ್ದೆಗೆ ಜೋಡಿಸಿದ ಪಟ್ಟಿಯಲ್ಲಿ, ಇರುವ ಪ್ರಾಣಿಪಕ್ಷಿಗಳನ್ನು ಎಲ್ಲಿಯೂ ಬೇಟೆಯಾಡಕೂಡದು ಎನ್ನುತ್ತದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಈಗ ಪ್ರಾಣಿಪಕ್ಷಿಗಳಿಗೆ ಎರಡೇ ಅನುಸೂಚಿ. ನವಿಲು, ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಮೊದಲನೆಯದರಲ್ಲಿವೆ, ಗೌಜಲಕ್ಕಿ ಎರಡನೆಯದರಲ್ಲಿದೆ.

‘ಬೇಟೆ’ ಎಂದರೆ ಕೊಲ್ಲುವುದು ಮಾತ್ರ ಎಂದುಕೊಂಡವರೂ ಇದ್ದಾರೆ. ಕಾಯ್ದೆಯ ಅರ್ಥ ಅದಕ್ಕಿಂತ ಅಗಲ. ಉರುಳು ಒಡ್ಡುವುದು, ಬಲೆ ಹಾಕುವುದು, ಅಟ್ಟುವುದು, ಮೇವಿನ ಆಸೆ ತೋರಿಸಿ ಸೆಳೆಯುವುದು, ಗೂಡು ಕೆದಕುವುದು ಇವೆಲ್ಲ ಬೇಟೆಯೇ. ಕೊಲ್ಲಲು, ಹಿಡಿಯಲು ಮಾಡುವ ಯತ್ನವೂ ಬೇಟೆಯೇ. ಅಂದರೆ ಗುರಿ ತಪ್ಪಿ ಹಕ್ಕಿ ಹಾರಿಹೋದರೂ ಅಪರಾಧ ಆಗಿಹೋಗಿರುತ್ತದೆ. 52ನೇ ಕಲಮಿನ ಪ್ರಕಾರ ಕುಮ್ಮಕ್ಕು ಕೊಟ್ಟವರೂ ಹೊಣೆಗಾರರು. ಹಕ್ಕಿ ಕಂಡಾಗ ಹೊಡೆಯಲೆಂದೇ ಜೀಪು ನಿಧಾನಿಸಿದವನು, ಸರ್ಚ್‌ಲೈಟ್ ಹಿಡಿದವನು ‘ನಾನು ಕೋವಿ ಮುಟ್ಟಿಲ್ಲ’ ಎಂದರೆ ಉಪಯೋಗವಿಲ್ಲ.

ಈಗ ಜೀಪಿನ ವಿಷಯಕ್ಕೆ ಬರುತ್ತೇನೆ. ಗಾಡಿಯನ್ನು ತಡೆದು ತಪಾಸಣೆ ಮಾಡಲು, ಜಪ್ತಿ ಮಾಡಲು ಅರಣ್ಯ ಮತ್ತು ಪೊಲೀಸ್ ಅಧಿಕಾರಿಗಳಿಗೆ 50ನೇ ಕಲಮು ಅಧಿಕಾರ ಕೊಟ್ಟಿದೆ. ಮೊಕದ್ದಮೆ ನಡೆಯುತ್ತಿರುವಾಗ ಮ್ಯಾಜಿಸ್ಟ್ರೇಟರು ಷರತ್ತಿನ ಮೇಲೆ ಗಾಡಿ ಬಿಡಬಹುದು, ಇದನ್ನು ಸುಪ್ರೀಂ ಕೋರ್ಟು 2008ರ ಒಂದು ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಆದರೆ ಅಪರಾಧ ಸಾಬೀತಾದರೆ ಕೋವಿಯೂ ಹೋಗುತ್ತದೆ, ಗಾಡಿಯೂ ಸರ್ಕಾರದ ಸ್ವತ್ತಾಗುತ್ತದೆ. ಗೌಜಲಕ್ಕಿಯಂಥ ಎರಡನೇ ಅನುಸೂಚಿಯ ಹಕ್ಕಿಗೆ ಮೂರು ವರ್ಷದವರೆಗೆ ಸಜೆ, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನವಿಲಿನಂಥ ಮೊದಲ ಅನುಸೂಚಿಯದಾದರೆ, ಅಥವಾ ಬೇಟೆ ನಡೆದದ್ದು ಅಭಯಾರಣ್ಯದೊಳಗಾದರೆ, ಸಜೆ ಮೂರು ವರ್ಷಕ್ಕೆ ಕಡಿಮೆಯಿಲ್ಲ, ಏಳರವರೆಗೆ ಹೋಗಬಹುದು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ನ್ಯಾಯಾಲಯ ಕೋವಿಯ ಲೈಸೆನ್ಸ್ ರದ್ದು ಮಾಡಿಸಬಹುದು, ಆಮೇಲೆ ಐದು ವರ್ಷ ಹೊಸದು ಸಿಗದು. ಡಿಕ್ಕಿಯಲ್ಲಿ ಮಾಂಸ ಸಿಕ್ಕಿತೆಂದರೆ ಅದು ಕಾನೂನುಬಾಹಿರವಾಗಿ ಬಂದದ್ದಲ್ಲ ಎಂದು ತೋರಿಸುವ ಭಾರ ನಿಮ್ಮ ಮೇಲೇ ಬೀಳುತ್ತದೆ.

ಆದರೆ ಕಾನೂನಿನ ಹೆದರಿಕೆಯೊಂದನ್ನೇ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಬೇಟೆಗೆ ಲೈಸೆನ್ಸ್ ಸಿಗುತ್ತಿದ್ದ ಕಾಲದಲ್ಲೂ ಗಾಡಿಯಿಂದ ಹೊಡೆಯುವಂತಿರಲಿಲ್ಲ. 1972ರ ಕಾಯ್ದೆಯ ಮೂಲ ರೂಪದಲ್ಲಿ ಸಣ್ಣ ಬೇಟೆ, ದೊಡ್ಡ ಬೇಟೆ ಎಂದು ಬೇರೆ ಬೇರೆ ಪರವಾನಗಿಗಳಿದ್ದವು, ಅವು ತೆಗೆದುಹೋದದ್ದು 1991ರ ತಿದ್ದುಪಡಿಯಲ್ಲಿ. ಆ ಹಳೆಯ ಕಾಯ್ದೆಯ 17ನೇ ಕಲಮನ್ನು ಓದಿದರೆ ಅಚ್ಚರಿಯಾಗುತ್ತದೆ. ಪರವಾನಗಿ ಇದ್ದವನೂ ಏನು ಮಾಡಬಾರದು ಎಂಬ ಪಟ್ಟಿಯಲ್ಲಿ ಮೊಟ್ಟಮೊದಲು ಬರೆದಿದ್ದದ್ದೇ ಚಕ್ರದ ಗಾಡಿ, ಯಂತ್ರದ ವಾಹನ, ವಿಮಾನಗಳಿಂದ ಬೇಟೆಯಾಡಬಾರದು ಎಂದು. ಗಾಡಿ ನುಗ್ಗಿಸಿ ಪ್ರಾಣಿಗಳನ್ನು ಬೆದರಿಸಿ ಓಡಿಸುವುದೂ ಇಲ್ಲ, ದೀಪ ಬಿಟ್ಟು ಹೊಡೆಯುವುದೂ ಇಲ್ಲ, ಸೂರ್ಯ ಮುಳುಗಿದ ಮೇಲಂತೂ ಇಲ್ಲವೇ ಇಲ್ಲ. ಗೌಜಲು, ಬುರ್ಲಿ, ನೀರುಹಕ್ಕಿಗಳ ಬೇಟೆಗೆ ನಾಯಿ ಒಯ್ಯಲು ಮಾತ್ರ ಬಿಟ್ಟಿದ್ದರು. ನಾಯಿ ಆಗಬಹುದು, ಜೀಪು ಆಗದು. ಯಾಕೆ ಎಂಬುದು ಹಕ್ಕಿಯನ್ನು ನೋಡಿದರೆ ತಿಳಿಯುತ್ತದೆ.

ಗೌಜಲಕ್ಕಿ ಹಾರುವುದಕ್ಕಿಂತ ಓಡುವುದನ್ನೇ ನೆಚ್ಚಿಕೊಂಡ ಹಕ್ಕಿ. ಗಾಡಿದಾರಿಯ ನುಣ್ಣನೆ ಧೂಳಿನಲ್ಲಿ ಬೊಗಸೆಯಗಲ ಗುಂಡಿ ಮಾಡಿಕೊಂಡು, ರೆಕ್ಕೆ ಬಿಚ್ಚಿ ಮಣ್ಣೆರಚಿಕೊಳ್ಳುತ್ತದೆ, ಮೈಯ ಹೇನು ಉದುರಲೆಂದು. ಗುಂಡಿಯ ಅಂಚಿನಲ್ಲಿ ಒಂದೆರಡು ಗೆರೆಗೆರೆ ಪುಕ್ಕ, ಸುತ್ತ ಮೂರು ಬೆರಳಿನ ಹೆಜ್ಜೆ. ನೀವು ನಡೆದು ಹೋದರೆ ಐವತ್ತು ಹೆಜ್ಜೆ ದೂರದಲ್ಲೇ ಕತ್ತು ನೀಳ ಮಾಡಿ ನೋಡಿ, ತಲೆ ತಗ್ಗಿಸಿ ಬೇಲಿಯೊಳಗೆ ಸರ್ರನೆ ನುಸುಳುತ್ತದೆ. ಅದೇ ಜೀಪಿನಲ್ಲಿ ಹೋಗಿ, ಮೂರು ಮಾರು ಹತ್ತಿರ ಬಂದರೂ ಕದಲುವುದಿಲ್ಲ. ಎರಡು ಕಾಲಿನ ಮನುಷ್ಯನಿಗೆ ಅಂಜುವುದನ್ನು ಅದು ತಲೆಮಾರುಗಳಿಂದ ಕಲಿತಿದೆ, ದಿನಾ ಹಾದುಹೋಗುವ ಗಾಡಿಗೆ ಅಂಜಬೇಕೆಂದು ಕಲಿತಿಲ್ಲ. ಜೀಪಿನಿಂದ ಹೊಡೆಯುವವನು ನೆಚ್ಚಿಕೊಂಡಿರುವುದು ಈ ಅಂಜದಿರುವಿಕೆಯನ್ನೇ. ಅದಕ್ಕೆ ಕಣ್ಣು, ಕಾಲು, ತಾಳ್ಮೆ ಯಾವುದೂ ಬೇಕಾಗಿಲ್ಲ. ಹಕ್ಕಿಗೆ ತಪ್ಪಿಸಿಕೊಳ್ಳುವ ಒಂದು ಗಳಿಗೆಯೂ ಸಿಗುವುದಿಲ್ಲ.

ಹತ್ತನೇ ತರಗತಿಯಲ್ಲಿದ್ದಾಗ ದೊಡ್ಡಪ್ಪನ ಜೀಪಿನ ಹಿಂದಿನ ಸೀಟಿನಲ್ಲಿ ಕೂತು ನಾನೇ ಇದನ್ನು ನೋಡಿದ್ದೇನೆ. ದಾರಿಯ ಮೇಲೆ ಏಳೆಂಟು ಗೌಜಲಕ್ಕಿ ಒಟ್ಟಿಗೆ ಮೇಯುತ್ತಿದ್ದವು. ಕಿಟಕಿಯಿಂದ ಒಂದೇ ಈಡು. ಎರಡು ಅಲ್ಲೇ ಬಿದ್ದವು, ಉಳಿದವು ಚೆದುರಿದವು, ಎಲ್ಲರೂ ಖುಷಿಪಟ್ಟರು. ಮರುದಿನ ಬೆಳಿಗ್ಗೆ ಶೇಂಗಾ ಸಾಲಿನಲ್ಲಿ ಇನ್ನೊಂದು ಸಿಕ್ಕಿತು. ಬಲ ರೆಕ್ಕೆ ಜೋತುಬಿದ್ದಿತ್ತು, ಹೊಟ್ಟೆಯ ಕೆಳಗೆ ಇರುವೆ ಮುತ್ತಿದ್ದವು, ಜೀವ ಇನ್ನೂ ಇತ್ತು. ತೋಟೆಯೊಳಗಿನ ಸಣ್ಣ ಗುಂಡುಗಳಾದ ಚರೆ ಒಂದೇ ಗುಂಡಿನಂತೆ ಹೋಗುವುದಿಲ್ಲ. ನಲವತ್ತು ಗಜ ದಾಟುವಷ್ಟರಲ್ಲಿ ಸುಮಾರು ಒಂದು ಮೀಟರಿನಗಲ ಹರಡಿರುತ್ತದೆ. ನೆಲದ ಮೇಲೆ ಗುಂಪಾಗಿರುವ ಹಕ್ಕಿಗಳಿಗೆ ಹೊಡೆದರೆ ಸತ್ತವನ್ನು ಎಣಿಸಬಹುದು, ಒಂದೆರಡು ಚರೆ ತಗುಲಿಸಿಕೊಂಡು ಬೇಲಿಯೊಳಗೆ ಸೇರಿದವನ್ನು ಎಣಿಸುವವರಿಲ್ಲ. ಜೀಪಿನಿಂದ ಇಳಿಯದವನು ಹುಡುಕಲು ಹೋಗುವುದೂ ಇಲ್ಲ. ಆ ಹಕ್ಕಿಯನ್ನು ಕೈಯಲ್ಲಿ ಹಿಡಿದಿದ್ದು ನನಗೆ ಇವತ್ತಿಗೂ ಮರೆತಿಲ್ಲ.

ಗಾಡಿಯ ಮರೆಯಲ್ಲಿ ಹಕ್ಕಿಯ ಹತ್ತಿರ ಹೋಗುವುದು ಜೀಪಿಗಿಂತ ಹಳೆಯ ಉಪಾಯ. ಎರೆಹೊಲಗಳ ಎರ್ಲಡ್ಡು ನಡೆದು ಬರುವವನನ್ನು ಬಹುದೂರದಿಂದಲೇ ಕಂಡು ಜಾಗ ಬಿಡುತ್ತಿತ್ತು. ಹಾಗಾಗಿ ಹಿಂದಿನ ಶಿಕಾರಿಗಳು ಎತ್ತಿನ ಗಾಡಿಯ ಪಕ್ಕದಲ್ಲಿ ಅವಿತು ಸಾಗುತ್ತಿದ್ದರು. ಎತ್ತಿನ ಗಾಡಿ ದಿನಕ್ಕೆ ಎಷ್ಟು ದೂರ ಹೋದೀತು? ಜೀಪು ಬಂದ ಮೇಲೆ ಆ ಮಿತಿಯೂ ಹೋಯಿತು. ಬಯಲಿನಲ್ಲಿ ದಾರಿಯೇ ಬೇಡ, ಹಾರಿದ ಹಕ್ಕಿಯ ಹಿಂದೆಯೇ ಗಾಡಿ ಓಡಿಸಬಹುದು. ಹದಿನೈದು ಕಿಲೋವರೆಗೆ ತೂಗುವ, ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಅದನ್ನು ಹೇಗೆ ತಡೆದುಕೊಂಡೀತು? ಈಗ ಅದನ್ನು ಕೊಲ್ಲುತ್ತಿರುವುದು ವಿದ್ಯುತ್ ತಂತಿಗಳು ಮತ್ತು ಹುಲ್ಲುಗಾವಲಿನ ನಾಶ ನಿಜ, ಆದರೆ ಆ ಹೊತ್ತಿಗಾಗಲೇ ಸಂಖ್ಯೆ ಕುಸಿದಿದ್ದಕ್ಕೆ ಬೇಟೆ ದೊಡ್ಡ ಕಾರಣ. ನಮ್ಮ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿವೆ.

ಅಮೆರಿಕದಲ್ಲಿರುವ ತಮ್ಮನೋ ಭಾವನೋ ಅಲ್ಲಿ ಬಾತುಬೇಟೆಗೆ ಹೋಗಿ ಬಂದೆ ಎಂದಿರಬಹುದು. ಹೌದು, ಅಲ್ಲಿ ಋತುವಿನಲ್ಲಿ ಪರವಾನಗಿ ಪಡೆದು ಬೇಟೆಯಾಡಬಹುದು. ಆದರೂ ವಲಸೆ ಹಕ್ಕಿಗಳನ್ನು ಕಾರಿನಿಂದ ಹೊಡೆಯುವಂತಿಲ್ಲ. ಮೋಟಾರು ದೋಣಿಯಾದರೆ ಯಂತ್ರ ಆರಿಸಿ, ಆ ವೇಗ ಪೂರ್ತಿ ನಿಂತ ಮೇಲೆಯೇ ಕೋವಿ ಎತ್ತಬೇಕು. ಕಾಲಿನ ಸ್ವಾಧೀನವಿಲ್ಲದವರಿಗೆ, ಕಾಲು ಕಳೆದುಕೊಂಡವರಿಗೆ ಮಾತ್ರ ನಿಂತ ವಾಹನದಿಂದ ಹೊಡೆಯಲು ಅನುಮತಿ. ಬ್ರಿಟನ್ನಿನಲ್ಲೂ ಕಾಡುಹಕ್ಕಿಯನ್ನು ಕೊಲ್ಲಲು ಮೋಟಾರು ವಾಹನದಲ್ಲಿ ಬೆನ್ನಟ್ಟುವುದನ್ನು 1981ರ ಕಾಯ್ದೆ ನಿಷೇಧಿಸಿದೆ. ಬೇಟೆಯನ್ನು ಒಪ್ಪಿಕೊಂಡ ದೇಶಗಳೂ ಈ ಗೆರೆಯನ್ನು ಎಳೆದುಕೊಂಡಿವೆ.

‘ಬೆಳೆ ತಿಂದು ಹಾಕುತ್ತವೆ’ ಎನ್ನುವವರಿಗೆ: ಆ ನೋವು ಸುಳ್ಳಲ್ಲ, ಅದಕ್ಕೆ ದಾರಿಯೂ ಒಂದೇ. ಎರಡನೇ ಅನುಸೂಚಿಯ ಜೀವಿ ನಿಂತ ಬೆಳೆಗೆ ಅಪಾಯಕಾರಿಯಾಗಿದೆ ಎಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಗೆ ಮನವರಿಕೆಯಾದರೆ, ಕಾರಣ ಬರೆದು ಲಿಖಿತ ಆದೇಶ ಕೊಡಬಹುದು. ಆ ಕಾಗದ ಕೈಗೆ ಬರುವ ಮುನ್ನ ಕೋವಿ ಎತ್ತುವಂತಿಲ್ಲ. ನವಿಲಿಗೆ ಬೆಳೆನಷ್ಟದ ಕಾರಣ ಕೊಟ್ಟು ಈ ಆದೇಶವೂ ಸಿಗದು. ಇನ್ನು ನಾಲಿಗೆಯ ಚಪಲವಾದರೆ, ಹೋಟೆಲುಗಳಲ್ಲಿ ಸಿಗುವುದು ಫಾರಂನಲ್ಲಿ ಸಾಕಿದ ಜಪಾನಿ ಲಾವಕ್ಕಿ. ಅದರ ಸಾಕಣೆಗೆ ಅಡ್ಡಿಯಿಲ್ಲ, ಅದನ್ನು ತಿನ್ನಿ.

ಕೊನೆಗೊಂದು ಮಾತು, ಬೇರೆಯವರು ಮಾಡುವುದನ್ನು ನೀವು ಕಂಡಾಗ. ರಾತ್ರಿ ಹೊಲಗಳ ನಡುವೆ ಜೀಪೊಂದು ಆಮೆಯಂತೆ ಸಾಗುತ್ತಾ ಜಾಲಿ ಮರಗಳಿಗೆ ದೀಪ ಬಿಡುತ್ತಿದ್ದರೆ ಅಡ್ಡ ಹೋಗಿ ನಿಲ್ಲಬೇಡಿ, ಒಳಗಿರುವವರ ಕೈಯಲ್ಲಿ ತುಂಬಿದ ಕೋವಿ ಇರುತ್ತದೆ. ಗೌಜಲಕ್ಕಿ ರಾತ್ರಿ ಮಲಗುವುದು ಆ ಮುಳ್ಳಿನ ಮರಗಳಲ್ಲೇ, ಅವರು ಹುಡುಕುತ್ತಿರುವುದೂ ಅದನ್ನೇ. ಗಾಡಿಯ ನಂಬರು, ಹೊತ್ತು, ಹೋದ ದಿಕ್ಕು ಬರೆದುಕೊಂಡು 112ಕ್ಕೆ ಕರೆ ಮಾಡಿ, ವಲಯ ಅರಣ್ಯಾಧಿಕಾರಿಯ ಕಚೇರಿಗೂ ತಿಳಿಸಿ. ಬೆಳಗಾದ ಮೇಲೆ ಅಲ್ಲಿ ಖಾಲಿ ತೋಟೆ, ಪುಕ್ಕ, ರಕ್ತದ ಕಲೆ, ಟೈರಿನ ಗುರುತು ಕಂಡರೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ಕೈ ಹಚ್ಚಬೇಡಿ. ದನ ಅಡ್ಡಾಡಿ ಅಳಿಸದಂತೆ ಮಾತ್ರ ಒಂದಿಷ್ಟು ಮುಳ್ಳು ಎಳೆದುಬಿಡಿ.